ಜೋಡಿ ಡಿಸ್ಕಿನ ಓಟ

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮನೆಯ ಫೈಲ್ ಸರ್ವರ್ ಮಾಡಿ, ಎರಡು ಡಿಸ್ಕ್ ಕೂಡಿಸಿ ಮಿರರ್ ಮಾಡಿಕೊಂಡವರು ಮೊದಲು ಕೇಳುವುದು ಒಂದೇ ಮಾತು: ‘ಡಿಸ್ಕ್ ಎರಡು ಹಾಕೇವಿ, ಸ್ಪೀಡ್ ಯಾಕ ಡಬಲ್ ಆಗವಲ್ದರೀ?’ ಗದಗ-ಬೆಟಗೇರಿಯಲ್ಲಿ ಮದುವೆ ವಿಡಿಯೊ ಮಾಡುವ ಹುಡುಗರೂ ಕೇಳುತ್ತಾರೆ, ಪುಟ್ಟರಾಜ ಗವಾಯಿಗಳ ಕಾಲದ ಕಛೇರಿಗಳನ್ನು ಕ್ಯಾಸೆಟ್ಟಿನಿಂದ ಇಳಿಸಿಟ್ಟುಕೊಂಡ ಸಂಗೀತಪ್ರೇಮಿಗಳೂ ಕೇಳುತ್ತಾರೆ.

ಆಗುವುದಿಲ್ಲ. ರೇಡ್-1 ಎನ್ನುವ ಈ ಮಿರರಿನಲ್ಲಿ ಬರೆಯುವ ಪ್ರತಿಯೊಂದೂ ಎರಡೂ ಡಿಸ್ಕಿಗೆ ಹೋಗಬೇಕು; ನಿಧಾನದ ಡಿಸ್ಕ್ ಮುಗಿಸುವ ತನಕ ಕೆಲಸ ಮುಗಿಯುವುದಿಲ್ಲ. ಓದುವಾಗಲೂ ಒಂದು ದೊಡ್ಡ ಫೈಲನ್ನು ಲಿನಕ್ಸ್ ಸಾಮಾನ್ಯವಾಗಿ ಒಂದೇ ಡಿಸ್ಕಿನಿಂದ ಓದುತ್ತದೆ. ಮನೆಯಲ್ಲಿ ಇಬ್ಬರು ಒಂದೇ ಹೊತ್ತಿಗೆ ಬೇರೆ ಬೇರೆ ಫೈಲ್ ತೆರೆದಾಗಲೇ ಜೋಡಿಯ ಲಾಭ ಕಾಣುವುದು. ಒಂಟಿ ಓದಿಗೂ ಎರಡು ಡಿಸ್ಕ್ ದುಡಿಯಲಿ ಎನ್ನುವವರಿಗೆ ರೇಡ್-10ರ ‘ಫಾರ್’ ವಿನ್ಯಾಸವಿದೆ, ಅದು ಎರಡೇ ಡಿಸ್ಕಿನಲ್ಲೂ ನಡೆಯುತ್ತದೆ. ನಾನಂತೂ ಅದನ್ನು ಮನೆಗೆ ಹೇಳುವುದಿಲ್ಲ. ಗಿಗಾಬಿಟ್ ಕೇಬಲ್ಲಿನಲ್ಲಿ ಹರಿಯುವುದೇ ಸೆಕೆಂಡಿಗೆ ಸುಮಾರು 110 ಎಂಬಿ. ಈಗಿನ ಒಂದು ಡಿಸ್ಕ್ ಒಂದೇ ಓಟದಲ್ಲಿ ಅಷ್ಟನ್ನು ಸಲೀಸಾಗಿ ಕೊಡುತ್ತದೆ. 90 ನಿಮಿಷದ ಕ್ಯಾಸೆಟ್ಟು ಸಿಡಿ ಗುಣಮಟ್ಟದಲ್ಲಿ ಸುಮಾರು 950 ಎಂಬಿ ಆಗುತ್ತದೆ, ಅದನ್ನು ಕೇಳಲು ಸೆಕೆಂಡಿಗೆ 0.2 ಎಂಬಿಯೂ ಬೇಡ.

ವೇಗದ ನಿಜವಾದ ಪರೀಕ್ಷೆ ಒಂದು ಡಿಸ್ಕ್ ಕೈಕೊಟ್ಟ ದಿನ ಬರುತ್ತದೆ. ಹೊಸ ಡಿಸ್ಕಿಗೆ ಹಳೆಯದರಿಂದ ಎಲ್ಲವನ್ನೂ ನಕಲು ಮಾಡಬೇಕು. 4 ಟಿಬಿ ಡಿಸ್ಕ್, ಸೆಕೆಂಡಿಗೆ 150 ಎಂಬಿ ಎಂದು ಹಿಡಿದರೂ ಏಳೂವರೆ ತಾಸು. ಡಿಸ್ಕಿನ ಒಳಸುತ್ತುಗಳು ನಿಧಾನ, ಹಾಗಾಗಿ ಇನ್ನೂ ಹೆಚ್ಚೇ ಹಿಡಿಯುತ್ತದೆ. ಅಷ್ಟೂ ಹೊತ್ತು ನಿಮ್ಮ ಬಳಿ ಇರುವುದು ಒಂದೇ ಪ್ರತಿ. ಇಲ್ಲಿ ಒಂದು ಸೂಕ್ಷ್ಮವಿದೆ. ಬೇರೆ ಕೆಲಸ ನಡೆದಿದ್ದರೆ ಲಿನಕ್ಸ್ ಈ ನಕಲನ್ನು ತಾನಾಗಿ ತಗ್ಗಿಸುತ್ತದೆ. ಕನಿಷ್ಠ ಮಿತಿ ಸೆಕೆಂಡಿಗೆ 1000 ಕೆಬಿ ಎಂದು ಮೊದಲೇ ಹಾಕಿರುತ್ತದೆ. ಆ ಮಿತಿಯಲ್ಲೇ ತೆವಳಿದರೆ 4 ಟಿಬಿಗೆ ಒಂದೂವರೆ ತಿಂಗಳು! ಸ್ಟುಡಿಯೊದವರು ಹಗಲೆಲ್ಲ ಎಡಿಟಿಂಗ್ ನಡೆಸುತ್ತ ‘ರೀಬಿಲ್ಡ್ ಮುಗೀವಲ್ದು’ ಎನ್ನುವುದು ಇದಕ್ಕೇ. ಆ ಕನಿಷ್ಠವನ್ನು 50,000ಕ್ಕೆ ಏರಿಸಿ, ಎಡಿಟಿಂಗನ್ನು ಒಂದು ದಿನ ಪಕ್ಕಕ್ಕಿಡಿ.

ಇನ್ನು ಕರೆಂಟು. ಮುಂಗಾರಿಗೆ ಮುಂಚೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದಿತೆಂದರೆ ಮುಂಡರಗಿ, ಶಿರಹಟ್ಟಿ ಕಡೆಯ ಮನೆಗಳಲ್ಲಿ ದೀಪ ಹೋಗಿ ಬಂದು ಮಾಡುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಒಂದು ಡಿಸ್ಕಿಗೆ ಬಿದ್ದದ್ದು ಇನ್ನೊಂದಕ್ಕೆ ಬಿದ್ದಿರುವುದಿಲ್ಲ. ಎಲ್ಲಿ ವ್ಯತ್ಯಾಸವಾಯಿತೆಂದು ಗೊತ್ತಿಲ್ಲದೆ ಎರಡೂ ಡಿಸ್ಕನ್ನು ತುದಿಯಿಂದ ತುದಿಗೆ ಸರಿಹೊಂದಿಸಬೇಕು. ಬಿಟ್‌ಮ್ಯಾಪ್ ಇದ್ದರೆ ಈ ಕಾಟವಿಲ್ಲ. ಯಾವ ಭಾಗದಲ್ಲಿ ಬರೆಯಲಾಗುತ್ತಿದೆ ಎಂದು ಅದು ಮೊದಲೇ ಗುರುತು ಹಾಕಿಟ್ಟಿರುತ್ತದೆ, ಆ ತುಣುಕುಗಳನ್ನಷ್ಟೇ ಸರಿಪಡಿಸಿದರೆ ಸಾಕು. ತಾಸುಗಟ್ಟಲೆಯ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಬರೆಯುವ ವೇಗ ಅದರಿಂದ ಸ್ವಲ್ಪ ತಗ್ಗುತ್ತದೆ ಎಂದು ಕೆಲವರು ತೆಗೆದುಬಿಡುತ್ತಾರೆ. ನಮ್ಮ ಸೀಮೆಯಲ್ಲಿ ಅದನ್ನು ತೆಗೆಯುವುದು ಶುದ್ಧ ತಪ್ಪು. ಯುಪಿಎಸ್ ಇದ್ದರೂ ಬಿಟ್‌ಮ್ಯಾಪ್ ಇರಲಿ.

ಡಿಸ್ಕ್ ಕೊಳ್ಳುವಾಗ ಅಗ್ಗದ ಡೆಸ್ಕ್‌ಟಾಪ್ ಡಿಸ್ಕಿಗೆ ಕೈ ಹಾಕಬೇಡಿ. ಕೆಟ್ಟ ಸೆಕ್ಟರ್ ಸಿಕ್ಕರೆ ಅದು ನಿಮಿಷಗಟ್ಟಲೆ ಓದಲು ಒದ್ದಾಡಬಹುದು, ಸರ್ವರ್ ನಿಂತೇಬಿಡುತ್ತದೆ. ನ್ಯಾಸ್‌ಗೆಂದೇ, ಅಂದರೆ ನೆಟ್‌ವರ್ಕ್ ಸಂಗ್ರಹಕ್ಕೆಂದೇ, ಮಾಡಿದ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಡುತ್ತದೆ. ಆಗ ಜೊತೆಯ ಡಿಸ್ಕಿನಿಂದ ಓದಿ, ಕೆಟ್ಟಲ್ಲಿ ಮತ್ತೆ ಬರೆಯುವ ಕೆಲಸವನ್ನು ಲಿನಕ್ಸ್ ತಾನೇ ಮಾಡುತ್ತದೆ. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಿಂದ ತರದಿದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಮಿರರ್ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಫೈಲು ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಸುಡಬಹುದು. ಬಹುಕಾಲ ಉಳಿಸುವುದು ಬೇರೆ ಬೇರೆ ಕಡೆ ಇರುವ ಪ್ರತಿಗಳೇ. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯ ಕನ್ನಡದಲ್ಲಿ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ 1898ರಲ್ಲಿ ಲೂಯಿಸ್ ರೈಸರಿಂದ ಅಚ್ಚಾಗುವ ತನಕ, ಒಂಬತ್ತು ಶತಮಾನಕ್ಕೂ ಹೆಚ್ಚು ಕಾಲ, ಓಲೆಗರಿಯಲ್ಲಿ ಕೈಯಿಂದ ಕೈಗೆ ನಕಲಾಗುತ್ತಲೇ ಉಳಿದು ಬಂತು. ನಿಮ್ಮ ಮೂರನೆಯ ಪ್ರತಿಯೂ ಬೇರೆ ಊರಿನಲ್ಲಿರಲಿ. ಗದಗಿನವರು ಲಕ್ಷ್ಮೇಶ್ವರದ ಅಕ್ಕನ ಮನೆಯಲ್ಲೋ ಮುಂಡರಗಿಯ ಮಾವನ ಮನೆಯಲ್ಲೋ ಒಂದು ಯುಎಸ್‌ಬಿ ಡಿಸ್ಕ್ ಇಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ ಬಂದರೆ ಆಯಿತು.

ಮಿರರ್ ಮಾಡಿಕೊಂಡು ಮರೆತವರು ಇಂದೇ ‘ಎಂಡಿಸ್ಟ್ಯಾಟ್’ ಫೈಲ್ (/proc/mdstat) ತೆರೆದು ನೋಡಿ. ಚೌಕ ಆವರಣದೊಳಗೆ ಇಂಗ್ಲಿಷಿನ ‘ಯು’ ಅಕ್ಷರ ಎರಡು ಸಲ ಇದ್ದರೆ ಎರಡೂ ಡಿಸ್ಕ್ ದುಡಿಯುತ್ತಿವೆ. ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ನೀವು ಒಂಟಿ ಡಿಸ್ಕಿನ ಮೇಲೆ ದಿನ ದೂಡುತ್ತಿದ್ದೀರಿ. ಬೇರೆ ಕೆಲಸ ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಹೊಸ ಡಿಸ್ಕ್ ತನ್ನಿ.