ಹಿಂಬರಹ ಸಿಗದ ಅರ್ಜಿ

ನವೆಂಬರ್ ಬಂತೆಂದರೆ ತ್ರಾಸಿ, ಮರವಂತೆ, ಗಂಗೊಳ್ಳಿ ಕಡೆ ಮಕ್ಕಳ ಗ್ರಾಮಸಭೆಯ ಬ್ಯಾನರ್ ಕಟ್ಟುವ ಕಾಲ. ರಾಜ್ಯದ ಪ್ರತಿ ಗ್ರಾಮ ಪಂಚಾಯತ್ ವರ್ಷಕ್ಕೊಮ್ಮೆ ನಡೆಸಬೇಕಾದ ಸಭೆ ಇದು. ಇಂಥ ಸಭೆಗಳ ಚಹರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ, ಸ್ವಾಗತ, ದೊಡ್ಡವರ ನಾಲ್ಕು ಭಾಷಣ. ಅಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಆಮೇಲೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, ಟೀಚರ್ ತಿದ್ದಿಕೊಟ್ಟ ಚೀಟಿ ನೋಡಿಕೊಂಡು, ಶೌಚಾಲಯಕ್ಕೆ ಚಿಲಕ ಬೇಕು, ಬಸ್ಸು ನಿಲ್ಲಿಸಬೇಕು ಎನ್ನುತ್ತಾಳೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ. ಚಪ್ಪಾಳೆ, ಉಪಾಹಾರ, ಗ್ರೂಪ್ ಫೋಟೋ.

ಸಭೆ ಬೇಡ ಎನ್ನುವವನಲ್ಲ ನಾನು. ಆದರೆ ಇದೇ ಸೀಮೆಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಮೊದಲೇ ಹುಟ್ಟಿತ್ತು. ಅದನ್ನು ನೋಡಿದವರಿಗೆ ಇದು ಪೇಲವವಾಗಿ ಕಾಣುತ್ತದೆ.

1990ರ ದಶಕದ ನಡುವಿನಲ್ಲಿ, ಆಗಿನ ಅಖಂಡ ಕುಂದಾಪುರ ತಾಲೂಕಿನ ಕೆರಾಡಿ, ಆಲೂರು, ಬೆಳ್ವೆ, ಬಳ್ಕೂರು, ಉಪ್ಪುಂದದಂಥ ಊರುಗಳಲ್ಲಿ ಮಕ್ಕಳ ಪಂಚಾಯತ್ ಶುರುವಾಯಿತು. ಹಿಂದೆ ನಿಂತದ್ದು ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಮತ್ತು ದುಡಿಯುವ ಮಕ್ಕಳದೇ ಆದ ಭೀಮಸಂಘ. ಶಾಲೆಗೆ ಹೋಗುವವರೂ ದುಡಿಯುವವರೂ ಸೇರಿ ಓಟು ಹಾಕಿ ತಮ್ಮ ಸದಸ್ಯರನ್ನು ಆರಿಸುತ್ತಿದ್ದರು. ತಮ್ಮ ಮಾತನ್ನು ದೊಡ್ಡವರಿಗೆ ಮುಟ್ಟಿಸಲು ಒಬ್ಬ ‘ಮಕ್ಕಳ ಮಿತ್ರ’ನನ್ನೂ ಮಕ್ಕಳೇ ಗೊತ್ತುಮಾಡುತ್ತಿದ್ದರು. ಅಧಿಕಾರಿಗಳ ಜೊತೆ ಎದುರುಬದುರು ಕೂತು ಮಾತಾಡುವ ಸಮಿತಿಗಳಿದ್ದವು. ಮಕ್ಕಳು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ತಾವೇ ಸಮೀಕ್ಷೆ ಮಾಡಿ, ನಕ್ಷೆ ಬರೆದು ಒಯ್ಯುತ್ತಿದ್ದರು.

ಅವರು ಕೇಳಿದ್ದರಲ್ಲಿ ಕಾಲುಸಂಕವೂ ಒಂದು. ಮಳೆಗಾಲದಲ್ಲಿ ಎರಡು ಅಡಿಕೆ ಮರದ ಮೇಲೆ ಕಾಲಿಟ್ಟು ಹಳ್ಳ ದಾಟುವುದೆಂದರೆ ಏನೆಂದು ಗಟ್ಟದ ಬುಡದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಯಾವ ಕಲ್ಲಿನ ತನಕ ಏರಿದರೆ ಶಾಲೆಗೆ ಹೋಗಬಾರದು ಎಂಬ ಲೆಕ್ಕ ಎಂಜಿನಿಯರ್ ಬಳಿ ಇರುವುದಿಲ್ಲ, ಅವರ ಬಳಿ ಇರುತ್ತದೆ. ಮಕ್ಕಳನ್ನು ಸಲಹೆಗೆ ಕೂರಿಸಬೇಕೆನ್ನುವುದು ಇದಕ್ಕೇ ಹೊರತು ಅವರು ಮುದ್ದಾಗಿ ಮಾತಾಡುತ್ತಾರೆಂದಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಕ್ಕಳ ಗ್ರಾಮಸಭೆ ನಡೆಸಲು ಸರ್ಕಾರ ಸುತ್ತೋಲೆ ಹೊರಡಿಸಿ ಅಷ್ಟೊತ್ತಿಗೆ ಸುಮಾರು ಹದಿನೈದು ವರ್ಷವಾಗಿತ್ತು.

ಕುಂದಾಪುರದ ಪ್ರಯೋಗ ರಾಜ್ಯಕ್ಕೆಲ್ಲ ಹಬ್ಬಿತು ಎಂದು ನಾವು ಹೆಮ್ಮೆಪಡುತ್ತೇವೆ. ಹಬ್ಬಿದ್ದು ಅದರ ಒಂದು ದಿನದ ಸಭೆ ಮಾತ್ರ. ಓಟು, ಸದಸ್ಯರ ಅವಧಿ, ಮಕ್ಕಳೇ ಆರಿಸಿದ ಮಿತ್ರ ಎಲ್ಲ ಇಲ್ಲಿಯೇ ಉಳಿದವು. ಕಾಯ್ದೆಯ ಪ್ರಕಾರ ಗ್ರಾಮಸಭೆಯ ಸದಸ್ಯರೆಂದರೆ ಮತದಾರರು. ಹದಿನೆಂಟು ತುಂಬದವರು ಬರುವುದು ಸುತ್ತೋಲೆಯ ಬಲದಿಂದ. ಹಾಗಾಗಿ ಅವರ ಬೇಡಿಕೆಗೆ ‘ಆಯ್ತು, ನೋಡುವ’ ಎಂದರೂ ನಡೆಯುತ್ತದೆ. ‘ಹೇಳೂದ್ ಹೇಳಿ ಆಯ್ತ್, ಕೇಂಬೂದ್ ಯಾರ್?’ ಎಂದು ನಮ್ಮ ಕಡೆಯ ಪೋರರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇಲ್ಲಿ ಮಕ್ಕಳ ಪಂಚಾಯತ್ ಶುರುವಾದ ಹೊತ್ತಿಗೇ, 1995ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ತಮ್ಮ ನಗರದ ಮೂಲ ಕಾನೂನಿನಲ್ಲೇ ಯುವ ಆಯೋಗವೊಂದನ್ನು ಬರೆದಿಟ್ಟರು. 12ರಿಂದ 23 ವಯಸ್ಸಿನ 17 ಸದಸ್ಯರು. ಎಳೆಯರಿಗೆ ಸಂಬಂಧಿಸಿದ ಪ್ರಸ್ತಾವಗಳು ತೀರ್ಮಾನಕ್ಕೆ ಮೊದಲು ಇವರ ಅಭಿಪ್ರಾಯಕ್ಕೆ ಹೋಗಬೇಕು. ಅದು ಶ್ರೀಮಂತ ನಗರ, ಹೋಲಿಕೆ ಸಲ್ಲ ಎನ್ನಬಹುದು. ಆದರೆ ಕಡತವೊಂದನ್ನು ಮೊದಲೇ ಕಳಿಸುವುದಕ್ಕೆ ಏನು ಖರ್ಚು?

ನನ್ನ ದೊಡ್ಡ ತಕರಾರು ಬೇರೆ. ಸಭೆ ಸಾಮಾನ್ಯವಾಗಿ ನಡೆಯುವುದು ಶಾಲೆಯ ಹೊತ್ತಿನಲ್ಲಿ, ಶಾಲೆಯ ಮಕ್ಕಳನ್ನೇ ಕೂರಿಸಿಕೊಂಡು. ಹೆದ್ದಾರಿ ದಾಟಿ ಬಸ್ಸು ಹಿಡಿದು ಕುಂದಾಪುರಕ್ಕೋ ಗಂಗೊಳ್ಳಿಗೋ ಪಿಯುಸಿಗೆ ಹೋಗುವ ಹದಿನಾರು ಹದಿನೇಳರ ಹುಡುಗರು ಅಲ್ಲಿರುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಕೆಲಸಕ್ಕೆ ಸೇರಿದವರಂತೂ ಮೊದಲೇ ಇಲ್ಲ. ದುಡಿಯುವ ಮಕ್ಕಳು ಕಟ್ಟಿದ ವ್ಯವಸ್ಥೆಯಿಂದ ದುಡಿಯುವ ಮಕ್ಕಳೇ ಹೊರಬಿದ್ದರು. ಭಾನುವಾರ ಸಭೆ ಇಟ್ಟರೆ ಅವರಲ್ಲಿ ಅರ್ಧದಷ್ಟಾದರೂ ಬಂದಾರು. ಬಂದವರ ಮುಂದೆ ಮೊದಲು ಓದಬೇಕಾದ್ದು ಸ್ವಾಗತ ಭಾಷಣವನ್ನಲ್ಲ, ಹೋದ ವರ್ಷದ ಅರ್ಜಿಗಳಿಗೆ ಕೊಟ್ಟ ಹಿಂಬರಹವನ್ನು.