ಸುಳ್ಳು ಹೇಳಿದವರೂ ಹೊಣೆಗಾರರು

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ಭಾಗದಲ್ಲಿ ಆನಾ ಎಂಬ ಪುಟ್ಟ ಊರಿದೆ. 1870ರ ದಶಕದಲ್ಲಿ ಅಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಈಗ ಚೋಟ್ ಕೇಂದ್ರವೆಂದು ಹೆಸರು. ಬೌದ್ಧಿಕ ಅಂಗವೈಕಲ್ಯ ಇರುವವರೂ ಅಲ್ಲಿ ವರ್ಷಗಟ್ಟಲೆ ಉಳಿದಿದ್ದಾರೆ. 2014ರಲ್ಲಿ ಅಂಥ ಒಬ್ಬರನ್ನು ನೌಕರನೊಬ್ಬ ಬೆಲ್ಟಿನಿಂದ ಬಾರಿಸಿದ. ಅಲ್ಲೇ ಇದ್ದ ಸಹೋದ್ಯೋಗಿಗಳು ನೋಡಿಯೂ ಬಾಯಿ ಬಿಡಲಿಲ್ಲ. 2022ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಮತ್ತು ಇಲಿನಾಯ್‌ನ ಪತ್ರಕರ್ತರು ಜೊತೆಯಾಗಿ ಬರೆದ ಸರಣಿ ವರದಿಗಳು ಇಂಥ ಹಲವು ಪ್ರಕರಣಗಳನ್ನು ಹೊರಗೆಳೆದವು. ಹೊಡೆತದಷ್ಟೇ ಕಂಗೆಡಿಸುವ ಸಂಗತಿಯೆಂದರೆ, ಅದನ್ನು ಮುಚ್ಚಿಹಾಕಲು ನೌಕರರು ಒಬ್ಬರಿಗೊಬ್ಬರು ಕೊಟ್ಟ ಒತ್ತಾಸೆ.

ಈ ಒತ್ತಾಸೆಗೆ ಕಾನೂನಿನಲ್ಲೇ ಜಾಗವಿತ್ತು. ರೋಗಿಗಳ ಮೇಲೆ ಕೈ ಮಾಡಿದವರ, ಲೈಂಗಿಕ ದೌರ್ಜನ್ಯ ಎಸಗಿದವರ, ಘೋರ ನಿರ್ಲಕ್ಷ್ಯ ತೋರಿದವರ, ಹಣ ಲಪಟಾಯಿಸಿದವರ ಹೆಸರನ್ನು ರಾಜ್ಯದ ಆರೋಗ್ಯ ಕಾರ್ಯಕರ್ತರ ನೋಂದಣಿಯಲ್ಲಿ ದಾಖಲಿಸುತ್ತಿದ್ದರು. ಹಾಗೆ ದಾಖಲಾದವರಿಗೆ ಇಂಥ ಸಂಸ್ಥೆಗಳಲ್ಲಿ ಮತ್ತೆ ಕೆಲಸವಿಲ್ಲ. ತನಿಖೆಗೆ ಅಡ್ಡಗಾಲು ಹಾಕಿದವರ ಹೆಸರು ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಗವರ್ನರ್ ಜೆ. ಬಿ. ಪ್ರಿಟ್ಜ್‌ಕರ್ ಸಹಿ ಹಾಕಿದ ತಿದ್ದುಪಡಿ ಈ ಕಂಡಿಯನ್ನು ಮುಚ್ಚಿತು. ದಾಖಲೆ ಬಚ್ಚಿಡುವುದು, ತಿದ್ದುವುದು, ಸಾಕ್ಷಿಯನ್ನು ಬೆದರಿಸುವುದು, ವಿಚಾರಣೆಯಲ್ಲಿ ಸುಳ್ಳು ಹೇಳುವುದು ಎಲ್ಲವೂ ಈಗ ನೋಂದಣಿಗೆ ಕಾರಣ. ಅದಕ್ಕೆ ಮುಂಚೆ ನೌಕರನಿಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿದೆ.

ನನ್ನ ಮಟ್ಟಿಗೆ ಇದು ತೀರಾ ತಡವಾಗಿ ಬಂದ ನ್ಯಾಯ. ಹೊಡೆತ ತಿಂದವರಲ್ಲಿ ಎಷ್ಟೋ ಜನಕ್ಕೆ ಮಾತು ಬಾರದು. ಬಂದರೂ ಅವರ ಮಾತನ್ನು ನಂಬುವವರು ಕಡಿಮೆ. ಮಲಗುವ ಕೋಣೆಯಲ್ಲಿ, ಸ್ನಾನದ ಮನೆಯಲ್ಲಿ ಕ್ಯಾಮೆರಾ ಇಡುವಂತಿಲ್ಲ. ಹಾಗಾಗಿ ಪಕ್ಕದಲ್ಲಿದ್ದ ನೌಕರನ ಹೇಳಿಕೆಯೇ ಬಹಳಷ್ಟು ಸಲ ಉಳಿಯುವ ಏಕೈಕ ಸಾಕ್ಷ್ಯ. ಆತ ಸುಳ್ಳು ಹೇಳಿದರೆ ಪ್ರಕರಣ ಅಲ್ಲಿಗೇ ಸತ್ತಂತೆ, ಹೊಡೆದವನು ನಾಳೆ ಅದೇ ವಾರ್ಡಿಗೆ ಡ್ಯೂಟಿಗೆ ಬಂದಂತೆ. ಇಂಥ ಸುಳ್ಳನ್ನು ಬರೀ ಶಿಸ್ತಿನ ಪ್ರಶ್ನೆ ಎಂದುಕೊಂಡಿದ್ದೇ ಹಳೆಯ ವ್ಯವಸ್ಥೆಯ ದೊಡ್ಡ ತಪ್ಪು.

ನೌಕರರ ಹಕ್ಕುಗಳನ್ನು ಕಾನೂನು ಮರೆತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವುದು, ಕಾರ್ಮಿಕ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಳ್ಳುವುದು ಅಡ್ಡಿಯ ಲೆಕ್ಕಕ್ಕೆ ಬರುವುದಿಲ್ಲ. ಇದು ಸರಿಯೇ. ಆದರೆ ಇನ್ನೊಂದು ಷರತ್ತಿನ ಬಗ್ಗೆ ತುಸು ನಿಂತು ಯೋಚಿಸಬೇಕು. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಹೆಸರು ದಾಖಲಿಸಬೇಕಾದರೆ, ಅದೇ ತನಿಖೆಯಲ್ಲಿ ನೌಕರ ಈ ಮೊದಲು ಸಹಿ ಹಾಕಿದ್ದ ಹೇಳಿಕೆಗಳನ್ನು ವಿಚಾರಣೆಗೆ ಮುಂಚೆ ಅವನಿಗೆ ಕೊಟ್ಟಿರಬೇಕು. ತಿಂಗಳುಗಟ್ಟಲೆ ಎಳೆಯುವ ತನಿಖೆಯಲ್ಲಿ ಪ್ರಾಮಾಣಿಕನಿಗೂ ಮರೆವು ಬರುತ್ತದೆ, ಅವನನ್ನು ಸುಳ್ಳುಗಾರನೆಂದು ಕರೆಯಬಾರದು ಎಂಬ ಕಾಳಜಿ ಇದರ ಹಿಂದಿದೆ. ಆದರೆ ಮೊದಲ ದಿನವೇ ಸುಳ್ಳು ಬರೆದುಕೊಟ್ಟವನಿಗೆ ಅದೇ ಹಾಳೆ ಕೈಗೆ ಸಿಕ್ಕರೆ, ಎರಡನೆಯ ಸಲವೂ ತಪ್ಪದೆ ಅದನ್ನೇ ಒಪ್ಪಿಸುತ್ತಾನೆ. ಆಗ ತನಿಖಾಧಿಕಾರಿಗೆ ಹಿಡಿಯಲು ವೈರುಧ್ಯವೇ ಉಳಿಯುವುದಿಲ್ಲ. ಈ ಷರತ್ತು ಇರುವಷ್ಟು ಕಾಲ ಇಡೀ ಕಾನೂನಿನ ಬಲ ಮೊದಲ ಹೇಳಿಕೆಯ ಮೇಲೆ ನಿಂತಿರುತ್ತದೆ. ಘಟನೆ ನಡೆದ ಪಾಳಿ ಮುಗಿಯುವುದರೊಳಗೆ, ನೌಕರರು ಕೂತು ಮಾತಾಡಿಕೊಳ್ಳುವ ಮುನ್ನ, ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಅದನ್ನು ಬರೆಸಿಕೊಳ್ಳಬೇಕು. ದೌರ್ಜನ್ಯ ಗಮನಕ್ಕೆ ಬಂದ 4 ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಹೇಳಿಕೆಗೂ ಅಂಥ ಗಡುವು ಬೇಕು.

ಭಯದ ಪ್ರಶ್ನೆ ಇನ್ನೂ ಕಷ್ಟದ್ದು. ಆನಾದಂಥ ಊರಿನಲ್ಲಿ ಆಸ್ಪತ್ರೆಯೇ ದೊಡ್ಡ ಉದ್ಯೋಗದಾತ. ಜೊತೆಗೆ ಕೆಲಸ ಮಾಡುವವರು ನೆಂಟರು, ನೆರೆಯವರು, ಒಟ್ಟಿಗೆ ಓದಿದವರು. ನಿಜ ಹೇಳಿದ ನೌಕರರಿಗೆ ಮರುದಿನದಿಂದ ಕಷ್ಟದ ಪಾಳಿ ಬೀಳಬಹುದು, ಯಾರೂ ಮಾತಾಡಿಸದೆ ಇರಬಹುದು. ಸುಳ್ಳಿಗೆ ಕಾನೂನು ಬೆಲೆ ಕಟ್ಟಿದೆ. ನಿಜ ಹೇಳಿದವರಿಗೆ ಕೆಲಸದ ಜಾಗದಲ್ಲಿ ರಕ್ಷಣೆ ಕೊಡುವ ಹೊಣೆ ಮೇಲಧಿಕಾರಿಗಳದ್ದು. ಸುಳ್ಳಿನ ಕೂಟ ಕಣ್ಣೆದುರೇ ಬೆಳೆಯುತ್ತಿದ್ದರೂ ಸುಮ್ಮನಿದ್ದ ಮೇಲ್ವಿಚಾರಕರನ್ನು ಬಿಟ್ಟು, ಕೆಳಹಂತದ ನೌಕರರ ಹೆಸರನ್ನಷ್ಟೇ ನೋಂದಣಿಗೆ ಸೇರಿಸುತ್ತಾ ಹೋದರೆ ಅದು ಅರ್ಧ ನ್ಯಾಯ.

ಇಷ್ಟೆಲ್ಲ ಕೊರತೆಗಳಿದ್ದರೂ ಈ ತಿದ್ದುಪಡಿ ಬೇಕಿತ್ತು. ಇದನ್ನು ಸಡಿಲಗೊಳಿಸಬಾರದು. ಮೊದಲ ಹೇಳಿಕೆಗೆ ಗಡುವು, ಮೇಲ್ವಿಚಾರಕರಿಗೂ ಅದೇ ಹೊಣೆ: ಶಾಸಕರು ಈ ಎರಡನ್ನು ಮುಂದಿನ ತಿದ್ದುಪಡಿಯಲ್ಲಿ ತರಬೇಕು.