ದಿಂಬಂ ಮೇಲಿನ ಮತಗಟ್ಟೆಗಳು: ಕ್ಷೇತ್ರಪರಿಚಯವೆಂಬ ಬರವಣಿಗೆಯನ್ನು ಕುರಿತು

ಚುನಾವಣೆ ಸಮೀಪಿಸಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಕ್ಷೇತ್ರಪರಿಚಯವೆಂಬ ಒಂದು ಬಗೆಯ ಬರವಣಿಗೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದರ ಆಕೃತಿ ಬಹುಕಾಲದಿಂದ ಸ್ಥಿರವಾಗಿ ನಿಂತುಬಿಟ್ಟಿದೆ: ಪುಟದ ಮೂಲೆಯಲ್ಲೊಂದು ನಕ್ಷೆ, ಅದರ ಕೆಳಗೆ ಹಿಂದೆ ಗೆದ್ದವರ ಪಟ್ಟಿ, ಗೆಲುವಿನ ಅಂತರ, ಒಟ್ಟು ಮತದಾರರ ಸಂಖ್ಯೆ, ಯಾವ ಜಾತಿಯ ಮತಗಳು ಎಷ್ಟಿರಬಹುದೆಂಬ ಅಂದಾಜು, ಕಡೆಯಲ್ಲಿ ಟಿಕೆಟ್ ಆಕಾಂಕ್ಷಿಗಳ ಹೆಸರುಗಳು. ಸ್ಪರ್ಧೆ ತೀವ್ರವಾಗಿರುವ ಕ್ಷೇತ್ರವಾದರೆ ವರದಿಗಾರನು ನಾಲ್ಕು ಹಳ್ಳಿ ಸುತ್ತಿ, ಚಹದಂಗಡಿಯ ಮಾತು ಕೇಳಿ, ರೈತನ ಕಷ್ಟವನ್ನು ಒಂದೆರಡು ವಾಕ್ಯಗಳಲ್ಲಾದರೂ ನಿರೂಪಿಸುತ್ತಾನೆ. ಒಂದೇ ಪಕ್ಷವು ಅಥವಾ ಒಂದೇ ಕೂಟವು ಮೇಲಿಂದ ಮೇಲೆ ಗೆದ್ದುಕೊಂಡು ಬಂದ ಕ್ಷೇತ್ರವಾದರೆ ಅದನ್ನು ಭದ್ರಕೋಟೆಯೆಂದು ಕರೆದು, ಅಂಕಿಗಳನ್ನು ಜೋಡಿಸಿ, ಲೇಖನಿಯನ್ನು ಕೆಳಗಿಡುತ್ತಾನೆ. ಫಲಿತಾಂಶವು ಮೊದಲೇ ಗೊತ್ತಿರುವಲ್ಲಿ ಬರೆಯಬೇಕಾದುದು ಕಡಮೆಯೆಂಬ ಈ ಗ್ರಹಿಕೆಯೇ ಆ ಪ್ರಕಾರದ ಮೂಲದೋಷವೆಂದು ನನ್ನ ಅಭಿಪ್ರಾಯ. ಸ್ಪರ್ಧೆಯಿಲ್ಲದ ಕ್ಷೇತ್ರದಲ್ಲಿ ಅಭ್ಯರ್ಥಿಯು ಜನರ ಮಾತನ್ನು ಕೇಳಲೇಬೇಕೆಂಬ ನಿರ್ಬಂಧ ಸಡಿಲವಾಗಿರುವುದರಿಂದ, ಆ ಜನರ ಮಾತು ಪತ್ರಿಕೆಯಲ್ಲಾದರೂ ದಾಖಲಾಗಬೇಕಾದ ಅಗತ್ಯ ಅಲ್ಲಿ ಇಮ್ಮಡಿಯಾಗುತ್ತದೆ.

ಈ ಮಾತನ್ನು ಪರೀಕ್ಷಿಸಿ ನೋಡುವುದಕ್ಕೆ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಗುಮಟಾಪುರವು ತಕ್ಕ ನೆಲೆಯಾಗಿದೆ. ಬನ್ನಾರಿ ಅಮ್ಮನ ಗುಡಿಯಿಂದ ಹೊರಟು, ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟವನ್ನೇರಿ, ಕಾಡನ್ನು ದಾಟಿ ಬಂದಾಗ ದೊರೆಯುವ ಈ ಪ್ರಸ್ಥಭೂಮಿಯು ಮಣ್ಣಿನಿಂದಲೂ ಮಾತಿನಿಂದಲೂ ಬಾಂಧವ್ಯದಿಂದಲೂ ಚಾಮರಾಜನಗರದ ಸೀಮೆಗೆ ಸೇರಿದುದು. ಆಡಳಿತದಿಂದ ತಮಿಳುನಾಡಿಗೆ ಸೇರಿದುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದುವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದಿತು, ತಾಳವಾಡಿ ಅಲ್ಲಿಯೇ ಉಳಿಯಿತು. ಇಂದು ಇದು ಪರಿಶಿಷ್ಟ ಜಾತಿಗಳಿಗೆ ಮೀಸಲಾದ ಭವಾನಿಸಾಗರ ವಿಧಾನಸಭಾ ಕ್ಷೇತ್ರದ ಒಂದು ಅಂಗ. ಆ ಕ್ಷೇತ್ರವಾದರೋ ನೀಲಗಿರಿ ಲೋಕಸಭಾ ಕ್ಷೇತ್ರದ ಆರು ಭಾಗಗಳಲ್ಲೊಂದು. ಕ್ಷೇತ್ರಕ್ಕೆ ಹೆಸರು ಕೊಟ್ಟ ಅಣೆಕಟ್ಟು 1955ರಲ್ಲಿ ಪೂರ್ಣವಾಯಿತು. ಅದರ ಕಾಲುವೆಯ ನೀರು ಹರಿಯುವುದು ಘಟ್ಟದ ಕೆಳಗಿನ ಬಯಲಿಗೆ. ಹೆಸರಿನಲ್ಲಿರುವ ಆ ನೀರಿನ ಒಂದು ಹನಿಯೂ ಗುಮಟಾಪುರದ ಹೊಲವನ್ನು ಮುಟ್ಟುವುದಿಲ್ಲವೆಂಬ ಸರಳ ಸಂಗತಿಯನ್ನು ಯಾವ ಪರಿಚಯಲೇಖನವೂ ಎತ್ತಿ ಹೇಳಿದುದನ್ನು ನಾನು ಕಂಡಿಲ್ಲ.

ಪಟ್ಟಿಯನ್ನು ನೋಡಿದರೆ ಕೋಟೆಯು ಭದ್ರವಾಗಿಯೇ ತೋರುತ್ತದೆ. 2011ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಪಿ. ಎಲ್. ಸುಂದರಂ, 2016ರಲ್ಲಿ ಅಣ್ಣಾ ಡಿಎಂಕೆಯ ಎಸ್. ಈಶ್ವರನ್, 2021ರಲ್ಲಿ ಅದೇ ಪಕ್ಷದ ಎ. ಬನ್ನಾರಿ ಗೆದ್ದರು. 2011ರಲ್ಲಿ ಕಮ್ಯುನಿಸ್ಟರು ಅಣ್ಣಾ ಡಿಎಂಕೆಯ ಮೈತ್ರಿಯಲ್ಲಿದ್ದರು; 2021ರಲ್ಲಿ ಅವರು ಡಿಎಂಕೆಯ ಕಡೆಗೆ ಸೇರಿದ್ದರು, ಮತ್ತು ಅದೇ ಸುಂದರಂ ಅವರು ಸುಮಾರು 16 ಸಾವಿರ ಮತಗಳ ಅಂತರದಿಂದ ಸೋತರು. ರಾಜ್ಯದಲ್ಲಿ ಡಿಎಂಕೆಯ ಸರ್ಕಾರ ಬಂದ ಆ ವರ್ಷದಲ್ಲಿಯೂ ಈ ಸೀಮೆಯನ್ನೊಳಗೊಂಡ ಕೊಂಗುನಾಡು ತನ್ನ ಹಳೆಯ ಒಲವನ್ನು ಬಿಡಲಿಲ್ಲ. ನೆರೆಯ ಕೊಯಮತ್ತೂರು ಜಿಲ್ಲೆಯ ಹತ್ತು ಸ್ಥಾನಗಳೂ ಅಣ್ಣಾ ಡಿಎಂಕೆ ಕೂಟಕ್ಕೇ ಸಂದವು. ಅಭ್ಯರ್ಥಿ ಅದೇ ಸುಂದರಂ, ಅವರ ಪಕ್ಷವೂ ಅದೇ, ಕ್ಷೇತ್ರವೂ ಅದೇ. ಬದಲಾದದ್ದು ಮೈತ್ರಿ ಮಾತ್ರ. ಹೀಗಿರುವಾಗ ಈ ಸ್ಥಾನವು ಅಭ್ಯರ್ಥಿಯ ಸೇವೆಯಿಂದಾಗಲಿ ಊರಿನ ಅಹವಾಲಿನಿಂದಾಗಲಿ ನಿರ್ಣಯವಾಗದೆ, ರಾಜಧಾನಿಯಲ್ಲಿ ನಡೆಯುವ ಸ್ಥಾನಹಂಚಿಕೆಯಿಂದ ನಿರ್ಣಯವಾಯಿತೆಂದು ಹೇಳಬೇಕಾಗುತ್ತದೆ. ಪರಿಚಯಲೇಖನದ ಪಟ್ಟಿಯು ಈ ವಾಸ್ತವವನ್ನು ಒಳಗೊಂಡಿದ್ದರೂ, ವರ್ಷ, ಹೆಸರು, ಅಂತರ ಎಂಬ ಮೂರು ಕಂಬಗಳೊಳಗೆ ಅದನ್ನು ಹೂತುಬಿಡುತ್ತದೆ.

ಈ ಪ್ರಕಾರಕ್ಕೆ ಗುಣಗಳೇ ಇಲ್ಲವೆಂದು ನಾನು ಹೇಳಲಾರೆ. ಹಿಂದಿನ ಫಲಿತಾಂಶಗಳನ್ನು ಒಂದೆಡೆ ಕ್ರಮವಾಗಿ ಕೊಡುವುದು ಓದುಗನಿಗೆ ದೊಡ್ಡ ಉಪಕಾರ. ಜ್ಞಾಪಕಶಕ್ತಿ ಚಿಕ್ಕದಾದ ಪ್ರಜಾಪ್ರಭುತ್ವದಲ್ಲಿ ಪಟ್ಟಿಯೂ ಒಂದು ಬಗೆಯ ಇತಿಹಾಸವೇ. ಆದರೆ ಆ ಇತಿಹಾಸವನ್ನು ನಂಬಿ ಭವಿಷ್ಯ ನುಡಿಯುವುದು ಎಷ್ಟು ಅಪಾಯಕರವೆಂಬುದನ್ನು ಗಡಿಯ ಈಚೆಯ ಗುಂಡ್ಲುಪೇಟೆಯೇ ತೋರಿಸಿದೆ. ಕೆ. ಎಸ್. ನಾಗರತ್ನಮ್ಮನವರು ಅಲ್ಲಿಂದ ಏಳು ಬಾರಿ ಆರಿಸಿಬಂದು, 1972ರಲ್ಲಿ ಕರ್ನಾಟಕ ವಿಧಾನಸಭೆಯ ಅಧ್ಯಕ್ಷಸ್ಥಾನವನ್ನೇರಿದ ಪ್ರಥಮ ಮಹಿಳೆಯಾದರು. ಅವರ ಅನಂತರ ಎಚ್. ಎಸ್. ಮಹದೇವಪ್ರಸಾದರು 1994ರಿಂದ ಸತತವಾಗಿ ಐದು ಬಾರಿ, ಪಕ್ಷ ಬದಲಾದರೂ ಕ್ಷೇತ್ರ ಬದಲಾಗದೆ, ಗೆದ್ದರು; 2017ರಲ್ಲಿ ಅವರು ತೀರಿಕೊಂಡಾಗ ಉಪಚುನಾವಣೆಯಲ್ಲಿ ಅವರ ಪತ್ನಿ ಗೆದ್ದರು, ಮರುವರ್ಷವೇ ಸೋತರು; 2023ರಲ್ಲಿ ಮಗ ಗೆದ್ದರು. ಗುಂಡ್ಲುಪೇಟೆಯನ್ನು ಕುರಿತು ಬರೆದವರು ಮನೆತನಗಳ ಕಥೆಯನ್ನು ಸೊಗಸಾಗಿ ಹೇಳಿದರು. ಆ ಮನೆತನಗಳಿಗೆ ಜನ ಏಕೆ ಒಲಿದರು, ಏಕೆ ಮುನಿದರು ಎಂಬುದನ್ನು ವಿಚಾರಿಸಿದವರು ವಿರಳ.

ಗುಮಟಾಪುರದ ವಿಷಯದಲ್ಲಿ ಕೊರತೆ ಇನ್ನೂ ಆಳವಾದುದು. ಈ ಊರು ಹೊರಲೋಕದ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ, ಬಲಿಪಾಡ್ಯಮಿಯ ಮಾರನೆಯ ದಿನದ ಗೊರೆಹಬ್ಬದಂದು. ಮನೆಮನೆಯ ಕೊಟ್ಟಿಗೆಯ ಸಗಣಿಯನ್ನು ತಂದು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ, ಪೂಜೆಯಾದ ಮೇಲೆ ಗಂಡಸರು ಬರಿಮೈಯಲ್ಲಿ ಅದನ್ನು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಆಟ ಮುಗಿದ ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಆ ದಿನ ದೂರದೂರದ ಛಾಯಾಗ್ರಾಹಕರು ಬಂದು ನೆರೆಯುತ್ತಾರೆ, ಚಿತ್ರಗಳು ದೇಶಾಂತರಗಳ ಪತ್ರಿಕೆಗಳನ್ನು ಸೇರುತ್ತವೆ, ಕೆಲವು ಚಿತ್ರಗಳ ಅಡಿಯಲ್ಲಿ ಊರನ್ನು ಕರ್ನಾಟಕದ್ದೆಂದೇ ಬರೆದಿರುತ್ತಾರೆ. ಹಬ್ಬವನ್ನು ನೋಡಲು ಬರುವ ಕಣ್ಣುಗಳು ಚುನಾವಣೆಯ ಕಾಲದಲ್ಲಿ ಈ ಕಡೆ ತಿರುಗುವುದಿಲ್ಲ. 2000ದ ಜುಲೈ 30ರ ರಾತ್ರಿ ನೆರೆಯ ಗಾಜನೂರಿನಿಂದ ಡಾ. ರಾಜಕುಮಾರರ ಅಪಹರಣವಾದಾಗ 108 ದಿನಗಳ ಕಾಲ ಇಡೀ ನಾಡು ತಾಳವಾಡಿಯ ಹೆಸರನ್ನು ಜಪಿಸಿತು. ಆಗಲೂ ಇಲ್ಲಿ ಬದುಕುವವರ ದಿನಚರಿ ಏನು, ಅವರನ್ನು ಶಾಸನಸಭೆಯಲ್ಲಿ ಪ್ರತಿನಿಧಿಸುವವರು ಯಾರು ಎಂಬ ಪ್ರಶ್ನೆ ಏಳಲಿಲ್ಲ.

ಹಾಗಾದರೆ ಪರಿಚಯಲೇಖನದಲ್ಲಿ ಇರಬೇಕಾದದ್ದೇನು? ಮೊದಲನೆಯದಾಗಿ ಕಾಡು. 2013ರಲ್ಲಿ ಸತ್ಯಮಂಗಲದ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ಒತ್ತಿನಲ್ಲಿರುವ ಹೊಲಗಳಲ್ಲಿ ಮುಸುಕಿನ ಜೋಳ, ಕಬ್ಬು, ಬಾಳೆ, ಕೋಸು ಬೆಳೆಯುವವನಿಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ತಾಳವಾಡಿಯ ರೈತರು ಕರುಪ್ಪನ್ ಎಂದು ಕರೆಯುತ್ತಿದ್ದ ಒಂಟಿಸಲಗವು ಬೆಳೆಯನ್ನು ತುಳಿದು, ಇಬ್ಬರು ರೈತರ ಪ್ರಾಣವನ್ನೂ ತೆಗೆದ ಬಳಿಕ, ಹಲವು ವಿಫಲಪ್ರಯತ್ನಗಳಾಗಿ, 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿತು. ಬಯಲಿನ ಮತದಾರನಿಗೆ ಇದು ಓದಿ ಮಡಿಸಿಡುವ ಸುದ್ದಿ. ಬೆಟ್ಟದ ಮೇಲಿನವನಿಗೆ ಆ ವರ್ಷದ ಬೆಳೆಯ ಹಣೆಬರಹ. ಎರಡನೆಯದಾಗಿ ದಾರಿ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿ 10ರಿಂದ ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಾಗ, ವನ್ಯಮೃಗಗಳ ರಕ್ಷಣೆಯ ಆ ಉದ್ದೇಶವು ಯೋಗ್ಯವಾದುದೇ ಆಗಿದ್ದರೂ, ತರಕಾರಿಯನ್ನು ಹೊತ್ತು ಇಳಿಯುವ ಲಾರಿಗಳೇ ಜೀವನಾಧಾರವಾದ ಬೆಟ್ಟದ ರೈತರು ಪ್ರತಿಭಟನೆಗಿಳಿದರು. ಮೂರನೆಯದು ಭಾಷೆ, ನನ್ನ ಮಟ್ಟಿಗೆ ಎಲ್ಲಕ್ಕೂ ಮಿಗಿಲಾದುದು. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾನೂನು ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದರಂತೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿಯು 1956ರಿಂದಲೂ ರಾಜ್ಯಗಳಿಗೆ ಹೇಳುತ್ತ ಬಂದಿದೆ. ರಾಜ್ಯಭಾಷೆಯನ್ನು ಕಲಿಯುವುದರಲ್ಲಿ ಬೆಟ್ಟದ ಮಗುವಿಗೂ ಹಿತವಿದೆ. ಅದಕ್ಕಾಗಿ ತಾಯ್ನುಡಿಯ ಪಾಠ ಕುಗ್ಗಬೇಕಾಗಿಲ್ಲ. ಮತಗಳ ಲೆಕ್ಕದಲ್ಲಿ ಈ ಬೇಡಿಕೆಗೆ ತೂಕ ಕಡಮೆಯಾದುದರಿಂದ ಪತ್ರಿಕೆಯ ಪುಟದಲ್ಲಿಯೂ ಅದಕ್ಕೆ ಸ್ಥಳ ಕಡಮೆಯಾಗಿದೆ.

ಮೀಸಲು ಕ್ಷೇತ್ರಗಳನ್ನು ಕುರಿತ ಲೇಖನಗಳಲ್ಲಿ ಮತ್ತೊಂದು ದೋಷವುಂಟು. ಅಭ್ಯರ್ಥಿಗಳೆಲ್ಲರೂ ಪರಿಶಿಷ್ಟರೇ ಆಗಿರುವುದರಿಂದ, ಯಾವ ಮೇಲ್ಜಾತಿಯ ಮತಗಳು ‘ನಿರ್ಣಾಯಕ’ವೆಂಬ ಲೆಕ್ಕಾಚಾರಕ್ಕೇ ವರದಿಗಾರನು ಧಾವಿಸುತ್ತಾನೆ. ಯಾರ ಪ್ರಾತಿನಿಧ್ಯಕ್ಕೆಂದು ಸ್ಥಾನವು ಮೀಸಲಾಯಿತೋ ಆ ಕೇರಿಯ ಜನ, ಮತ್ತು ಬೆಟ್ಟದಂಚಿನ ಸೋಲಿಗರು, ಆ ಲೇಖನದಲ್ಲಿ ಶೇಕಡಾವಾರು ಅಂಕಿಯಾಗಿ ಮಾತ್ರ ಉಳಿಯುತ್ತಾರೆ. ಇದು ಅನ್ಯಾಯ.

ಭದ್ರತೆಯಾದರೂ ಶಾಶ್ವತವೇ? ನೆರೆಯ ಗೋಬಿಚೆಟ್ಟಿಪಾಳ್ಯದಿಂದ ಪದೇ ಪದೇ ಗೆದ್ದು, ಒಟ್ಟು ಒಂಬತ್ತು ಬಾರಿ ಶಾಸಕರಾದ ಕೆ. ಎ. ಸೆಂಗೋಟ್ಟೈಯನ್ ಅವರೇ 2025ರಲ್ಲಿ ಅಣ್ಣಾ ಡಿಎಂಕೆಯಿಂದ ಉಚ್ಚಾಟಿತರಾಗಿ ನಟ ವಿಜಯ್ ಅವರ ಹೊಸ ಪಕ್ಷವನ್ನು ಸೇರಿದರು. ಕೋಟೆಯ ಒಡೆಯನೇ ಹೊರನಡೆದ ಮೇಲೆ ಹಳೆಯ ಪಟ್ಟಿಯಿಂದ ಭವಿಷ್ಯ ಹೇಳುವುದಾದರೂ ಹೇಗೆ?

ಪತ್ರಿಕೆಗಳ ಸಂಪಾದಕರಲ್ಲಿ, ವಿಶೇಷವಾಗಿ ಚಾಮರಾಜನಗರ, ಮೈಸೂರುಗಳ ಕನ್ನಡ ಪತ್ರಿಕೆಗಳವರಲ್ಲಿ, ನನ್ನದೊಂದು ವಿನಂತಿ. ಪ್ರತಿ ಚುನಾವಣೆಯಾದ ಮೇಲೆ ಮತಗಟ್ಟೆವಾರು ಫಲಿತಾಂಶವು ನಮೂನೆ 20 ಎಂಬ ದಾಖಲೆಯಲ್ಲಿ ಸಾರ್ವಜನಿಕರಿಗೆ ದೊರೆಯುತ್ತದೆ. ಭವಾನಿಸಾಗರದ ಆ ದಾಖಲೆಯಲ್ಲಿ ದಿಂಬಂ ಮೇಲಿನ ಮತಗಟ್ಟೆಗಳನ್ನು ಬೇರೆಯಾಗಿ ಎಣಿಸಿ, ಬಯಲಿನ ಒಲವಿಗೂ ಬೆಟ್ಟದ ಒಲವಿಗೂ ಅಂತರವುಂಟೇ ಎಂದು ನೋಡಿರಿ. ಅನಂತರ ಗುಮಟಾಪುರಕ್ಕೆ ಗೊರೆಹಬ್ಬವಿಲ್ಲದ ಒಂದು ದಿನ ವರದಿಗಾರನನ್ನು ಕಳುಹಿಸಿ, ಅಭ್ಯರ್ಥಿಗಳ ಹೆಸರು ಘೋಷಣೆಯಾಗುವುದಕ್ಕೆ ಮುಂಚೆಯೇ ಆ ಊರಿನವರ ಅಹವಾಲನ್ನು ಅವರದೇ ಕನ್ನಡದಲ್ಲಿ ಅಚ್ಚುಹಾಕಿರಿ.